ಮೀಥೇನ್, ಮಸಿ, ಓಝೋನ್, ಎಚ್‌ಎಫ್‌ಸಿ: ದೇಶದ ಹವಾಮಾನ ಯೋಜನೆಯಲ್ಲಿ ಇವಕ್ಕೂ ಒಂದು ಸಾಲು ಬರೆಯುವುದು ಹೇಗೆ

ಯಾವುದಾದರೂ ದೇಶದ ಹವಾಮಾನ ಕ್ರಿಯಾ ಯೋಜನೆ ತೆರೆದು ನೋಡಿ. ಮೊದಲ ಪುಟಗಳಲ್ಲೇ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಇಂಥ ವರ್ಷದೊಳಗೆ ಇಷ್ಟು ಶೇಕಡಾ ಕಡಿತ ಅಂತ. ಆ ಸಂಖ್ಯೆಯ ಒಳಗೆ ಮೀಥೇನ್ ಪಾಲು ಎಷ್ಟು ಅಂತ ಹುಡುಕಿ. ಬಹಳ ಸಲ ಸಿಗುವುದಿಲ್ಲ. ಮಸಿ ಎಷ್ಟು ಅಂತ ಹುಡುಕಿದರೆ ಆ ಪದವೇ ಇರುವುದಿಲ್ಲ.

ಈ ಲೇಖನ ಆ ಖಾಲಿ ಜಾಗ ತುಂಬುವುದು ಹೇಗೆ ಅನ್ನುವ ಬಗ್ಗೆ. ಯೋಜನೆಯ ಕರಡು ಬರೆಯುವ ಅಧಿಕಾರಿಗಳು, ಅವರಿಗೆ ಲೆಕ್ಕ ಮಾಡಿಕೊಡುವ ತಂಡದವರು, ಕರಡು ಓದಿ ಸಲಹೆ ಕೊಡುವ ಸಂಘ ಸಂಸ್ಥೆಗಳವರು, ವಿಷಯ ಕಲಿಯುತ್ತಿರುವ ವಿದ್ಯಾರ್ಥಿಗಳು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೇಳಬೇಕಾದ ಮುಖ್ಯ ಮಾತು ಒಂದೇ. ಗಾಳಿಯಲ್ಲಿ ಕಡಿಮೆ ಕಾಲ ಉಳಿಯುವ ಮೀಥೇನ್, ಮಸಿಯಂಥ ಅಲ್ಪಾಯುಷಿ ಮಾಲಿನ್ಯಗಳನ್ನು ಒಟ್ಟು ಮೊತ್ತದೊಳಗೆ ಕರಗಿಸಿಬಿಡಬೇಡಿ. ಒಂದೊಂದಕ್ಕೂ ಪ್ರತ್ಯೇಕ ಸಾಲು ಕೊಡಿ. ಆ ಸಾಲಿನಲ್ಲಿ ಟನ್ ಇರಲಿ, ವರ್ಷ ಇರಲಿ, ಹೊಣೆ ಹೊರುವ ಇಲಾಖೆಯ ಹೆಸರೂ ಇರಲಿ.

ಮೊದಲು ಈ ನಾಲ್ಕರ ಪರಿಚಯ

ಕಾರ್ಬನ್ ಡೈಆಕ್ಸೈಡ್ ಒಮ್ಮೆ ಗಾಳಿಗೆ ಸೇರಿದರೆ ಅದರ ಒಂದು ಭಾಗ ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಅದು ಮೊಮ್ಮಕ್ಕಳ ತಲೆಯ ಮೇಲೂ ಬರುವ ಸಾಲ. ಮೀಥೇನ್ ಹಾಗಲ್ಲ. ಸುಮಾರು 12 ವರ್ಷದಲ್ಲಿ ಕರಗಿ ಹೋಗುತ್ತದೆ. ಅದನ್ನು ಕೈಸಾಲ ಅನ್ನಬಹುದು. ಬೇಗ ತೀರುತ್ತದೆ, ಆದರೆ ಇರುವಷ್ಟು ದಿನ ಮೀಟರ್ ಬಡ್ಡಿ. ಒಂದು ಟನ್ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಈವರೆಗೆ ಭೂಮಿ ಬಿಸಿಯಾಗಿರುವುದರಲ್ಲಿ ಮೀಥೇನ್ ಪಾಲೇ ಸುಮಾರು 0.5 ಡಿಗ್ರಿ ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಅಂದಾಜು ಮಾಡಿದೆ.

ಎರಡನೆಯದು ಕಪ್ಪು ಇಂಗಾಲ, ಅಂದರೆ ಮಸಿ. ಇದು ಅನಿಲವಲ್ಲ, ಕಣ. ಸೌದೆ ಒಲೆ, ಡೀಸೆಲ್ ಎಂಜಿನ್, ಇಟ್ಟಿಗೆ ಗೂಡು, ಹೊಲದಲ್ಲಿ ಸುಡುವ ಬೆಳೆ ತ್ಯಾಜ್ಯ, ಇವುಗಳಿಂದ ಬರುತ್ತದೆ. ಗಾಳಿಯಲ್ಲಿ ಇರುವುದು ಕೆಲವೇ ದಿನ, ಹೆಚ್ಚೆಂದರೆ ಒಂದೆರಡು ವಾರ. ಅಷ್ಟರಲ್ಲೇ ಬಿಸಿಲು ಹೀರುತ್ತದೆ, ಹಿಮದ ಮೇಲೆ ಕೂತು ಅದನ್ನು ಬೇಗ ಕರಗಿಸುತ್ತದೆ, ನಮ್ಮ ಶ್ವಾಸಕೋಶಕ್ಕೂ ಇಳಿಯುತ್ತದೆ.

ಮೂರನೆಯದು ನೆಲಮಟ್ಟದ ಓಝೋನ್. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವುದೂ ಇದೇ ಅನಿಲ. ಕೆಳಗೆ ಇದ್ದಾಗ ಮಾತ್ರ ಬೆಳೆಗೂ ಉಸಿರಿಗೂ ಕೇಡು. ಇದನ್ನು ಯಾವ ಚಿಮಣಿಯೂ ನೇರವಾಗಿ ಉಗುಳುವುದಿಲ್ಲ. ಮೀಥೇನ್, ನೈಟ್ರೋಜನ್ ಆಕ್ಸೈಡ್‌ಗಳು, ಕಾರ್ಬನ್ ಮೊನಾಕ್ಸೈಡ್ ಮತ್ತು ಪೇಂಟ್, ಪೆಟ್ರೋಲ್‌ಗಳಿಂದ ಆವಿಯಾಗುವ ಅನಿಲಗಳು ಬಿಸಿಲಿನಲ್ಲಿ ಕೂಡಿ ಇದು ಹುಟ್ಟುತ್ತದೆ.

ನಾಲ್ಕನೆಯದು ಎಚ್‌ಎಫ್‌ಸಿ, ಅಂದರೆ ಹೈಡ್ರೋಫ್ಲೋರೋಕಾರ್ಬನ್. ಎಸಿ, ಫ್ರಿಜ್‌ಗಳಲ್ಲಿ ತಂಪು ಮಾಡಲು ಬಳಸುವ ಅನಿಲಗಳ ಗುಂಪು. ಇವುಗಳ ಸರಾಸರಿ ಆಯಸ್ಸು 15 ವರ್ಷದ ಆಸುಪಾಸು. ಇದರಲ್ಲಿ ಎಲ್ಲವೂ ಅಲ್ಪಾಯುಷಿ ಅಲ್ಲ ಅನ್ನುವುದು ನೆನಪಿರಲಿ. ಎಚ್‌ಎಫ್‌ಸಿ-23 ಇನ್ನೂರು ವರ್ಷಕ್ಕೂ ಜಾಸ್ತಿ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮೀಥೇನ್ ಇಳಿಸುತ್ತೇವೆ, ಆದ್ದರಿಂದ ಕಲ್ಲಿದ್ದಲನ್ನು ಇನ್ನಷ್ಟು ವರ್ಷ ಉರಿಸುತ್ತೇವೆ ಅನ್ನುವ ವಾದ ಆಗಾಗ ಬರುತ್ತದೆ. ಅದನ್ನು ಒಪ್ಪಬೇಡಿ. ಅಲ್ಪಾಯುಷಿಗಳನ್ನು ಇಳಿಸಿದರೆ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಬಿಸಿ ಕಡಿಮೆಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಇಳಿಸಿದರೆ ಮಾತ್ರ ಆಮೇಲಿನ ಬಿಸಿ ನಿಲ್ಲುತ್ತದೆ. ಎರಡೂ ಬೇಕು. ಒಂದರ ಬದಲಿಗೆ ಇನ್ನೊಂದು ಅಲ್ಲ.

ಹೆಜ್ಜೆ 1: ಯಾರು ಯಾರು ಕೂರಬೇಕು

ಹವಾಮಾನ ಯೋಜನೆ ಸಾಮಾನ್ಯವಾಗಿ ಪರಿಸರ ಸಚಿವಾಲಯದ ಮೇಜಿನ ಮೇಲೆ ಹುಟ್ಟುತ್ತದೆ. ಆದರೆ ಮೀಥೇನ್ ಇರುವುದು ಕೃಷಿ, ಪಶುಸಂಗೋಪನೆ, ಇಂಧನ, ಗಣಿ ಮತ್ತು ನಗರಾಡಳಿತದ ಕೈಯಲ್ಲಿ. ಮಸಿ ಇರುವುದು ಸಾರಿಗೆ ಮತ್ತು ಅಡುಗೆ ಇಂಧನ ನೋಡಿಕೊಳ್ಳುವವರ ಕೈಯಲ್ಲಿ. ಎಚ್‌ಎಫ್‌ಸಿ ಲೆಕ್ಕ ಇರುವುದು, ಓಝೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಕೆಲಸ ನೋಡುವ ಓಝೋನ್ ಘಟಕದಲ್ಲಿ. ಅದೇ ಕಟ್ಟಡದಲ್ಲಿದ್ದರೂ ಆ ಘಟಕದವರನ್ನು ಹವಾಮಾನದ ಸಭೆಗೆ ಕರೆಯುವುದು ಮರೆತೇ ಹೋಗುತ್ತದೆ. ಮೊದಲ ದಿನವೇ ಕರೆಯಿರಿ.

ಆರೋಗ್ಯ ಇಲಾಖೆಯವರನ್ನೂ ಕರೆಯಲೇಬೇಕು. ಈ ವಿಷಯಕ್ಕೆ ಜನರ ಬೆಂಬಲ ಸಿಗುವುದು ಡಿಗ್ರಿ ಲೆಕ್ಕದಿಂದಲ್ಲ, ಉಸಿರಾಟದ ಕಾಯಿಲೆಯ ಲೆಕ್ಕದಿಂದ. ಹಣಕಾಸು ಮತ್ತು ಅಂಕಿ-ಅಂಶ ಇಲಾಖೆಯವರು ಕೊನೆಯಲ್ಲಿ ಬಂದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಅವರೂ ಮೊದಲೇ ಇರಲಿ.

ಹೆಜ್ಜೆ 2: ಲೆಕ್ಕ ಹಾಕುವುದು

ಸಮಯ ಜಾಸ್ತಿ ಹಿಡಿಯುವ ಹೆಜ್ಜೆ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಸೂತ್ರ ಸರಳ. ಎಷ್ಟು ಕೆಲಸ ನಡೆಯಿತು ಅನ್ನುವುದನ್ನು, ಪ್ರತಿ ಕೆಲಸಕ್ಕೆ ಎಷ್ಟು ಮಾಲಿನ್ಯ ಅನ್ನುವ ಗುಣಾಂಕದಿಂದ ಗುಣಿಸಬೇಕು. ಒಂದು ದೇಶದ ಮನೆಗಳಲ್ಲಿ ವರ್ಷಕ್ಕೆ 10 ಲಕ್ಷ ಟನ್ ಸೌದೆ ಉರಿಯುತ್ತದೆ ಅಂದುಕೊಳ್ಳಿ. ಪ್ರತಿ ಕಿಲೋ ಸೌದೆಗೆ 1 ಗ್ರಾಂ ಮಸಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು 1,000 ಟನ್ ಮಸಿ. ಗುಣಾಕಾರ ಒಂದು ಸಾಲಿನಲ್ಲಿ ಮುಗಿಯಿತು. ಕಷ್ಟ ಇರುವುದು ಆ 10 ಲಕ್ಷ ಟನ್ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದರಲ್ಲಿ. ಸೌದೆಯನ್ನು ಬಹಳ ಜನ ಅಂಗಡಿಯಿಂದ ಕೊಳ್ಳುವುದಿಲ್ಲ, ಆಯ್ದು ತರುತ್ತಾರೆ. ರಸೀದಿ ಇಲ್ಲ. ಹಾಗಾಗಿ ಮನೆ ಮನೆ ಸಮೀಕ್ಷೆಯ ಅಂಕಿ ಬೇಕು. ಆ ಸಮೀಕ್ಷೆಯಲ್ಲಿ ‘ಮುಖ್ಯ ಇಂಧನ ಯಾವುದು’ ಅಂತ ಒಂದೇ ಪ್ರಶ್ನೆ ಇದ್ದರೆ ಸಾಲದು. ಗ್ಯಾಸ್ ಇರುವ ಮನೆಯಲ್ಲೂ ನೀರು ಕಾಯಿಸಲು ಸೌದೆ ಒಲೆ ಉರಿಯುತ್ತಿರಬಹುದು. ‘ಇನ್ನೇನು ಬಳಸುತ್ತೀರಿ, ದಿನಕ್ಕೆ ಎಷ್ಟು ಹೊತ್ತು’ ಅನ್ನುವ ಎರಡನೇ ಪ್ರಶ್ನೆಯೂ ಇರಲಿ. ಈ ಒಂದು ಪ್ರಶ್ನೆ ಇಡೀ ಲೆಕ್ಕವನ್ನೇ ಬದಲಿಸಬಹುದು.

ಮೀಥೇನ್ ಲೆಕ್ಕಕ್ಕೆ ದಾರಿ ಆಗಲೇ ಇದೆ. ಐಪಿಸಿಸಿಯ 2006ರ ಮಾರ್ಗಸೂಚಿ ಮತ್ತು ಅದರ 2019ರ ಪರಿಷ್ಕರಣೆ ನೋಡಿಕೊಂಡು ಮಾಡಬಹುದು. ಪ್ರಪಂಚದ ಮಟ್ಟದಲ್ಲಿ ಮನುಷ್ಯರಿಂದ ಬರುವ ಮೀಥೇನ್‌ನಲ್ಲಿ ಕೃಷಿಯ ಪಾಲು ಸುಮಾರು ಶೇ 40, ಕಲ್ಲಿದ್ದಲು, ತೈಲ ಮತ್ತು ಅನಿಲದ್ದು ಸುಮಾರು ಶೇ 35, ಕಸ ಮತ್ತು ಕೊಳಚೆ ನೀರಿನದ್ದು ಸುಮಾರು ಶೇ 20. ನಿಮ್ಮ ದೇಶದ ಚಿತ್ರ ಬೇರೆಯೇ ಇರಬಹುದು. ಆದರೆ ಈ ಮೂರರಲ್ಲಿ ಒಂದು ತೀರಾ ಸಣ್ಣದಾಗಿ ಕಂಡರೆ, ಅದು ನಿಜವಾಗಿ ಸಣ್ಣದೋ ಅಥವಾ ಯಾರೂ ಸರಿಯಾಗಿ ಎಣಿಸಿಲ್ಲವೋ ಅಂತ ಒಮ್ಮೆ ವಿಚಾರಿಸಿ.

ಕಸದ ರಾಶಿಯ ಲೆಕ್ಕದಲ್ಲಿ ಒಂದು ವಿಶೇಷ ಇದೆ. ಇವತ್ತು ಹಾಕಿದ ಕಸ ಇವತ್ತೇ ಮೀಥೇನ್ ಆಗುವುದಿಲ್ಲ. ಹತ್ತಾರು ವರ್ಷ ನಿಧಾನವಾಗಿ ಕೊಳೆಯುತ್ತಾ ಬಿಡುತ್ತದೆ. ಹಾಗಾಗಿ ಹಸಿ ಕಸವನ್ನು ನಾಳೆಯಿಂದಲೇ ಬೇರ್ಪಡಿಸಿದರೂ ಲೆಕ್ಕದಲ್ಲಿ ಇಳಿಕೆ ಮೆಲ್ಲಗೆ ಕಾಣುತ್ತದೆ. ಇದು ಗೊತ್ತಿಲ್ಲದೆ ಮೂರು ವರ್ಷಕ್ಕೆ ಅರ್ಧಕ್ಕೆ ಇಳಿಸುತ್ತೇವೆ ಅಂತ ಬರೆದರೆ ಆಮೇಲೆ ಮುಖ ಉಳಿಸಿಕೊಳ್ಳುವುದು ಕಷ್ಟ. ಹಳೆಯ ರಾಶಿಗೆ ಅನಿಲ ಹಿಡಿಯುವ ಕೊಳವೆ, ಹೊಸ ಕಸಕ್ಕೆ ಕಾಂಪೋಸ್ಟ್ ಇಲ್ಲವೇ ಬಯೋಗ್ಯಾಸ್. ಎರಡನ್ನೂ ಜೊತೆಯಲ್ಲೇ ಬರೆಯಿರಿ.

ತೈಲ ಮತ್ತು ಅನಿಲದಲ್ಲಿ ಗುಣಾಂಕದ ಲೆಕ್ಕಕ್ಕೂ ಅಳತೆಗೂ ದೊಡ್ಡ ಅಂತರ ಇರಬಹುದು. ಸೋರಿಕೆಯ ಬಹುಪಾಲು ಬರುವುದು ಕೆಲವೇ ಕೆಲವು ಕೆಟ್ಟ ಜಾಗಗಳಿಂದ. ಮುಚ್ಚಳ ತೆರೆದ ಟ್ಯಾಂಕ್, ಹೆಚ್ಚಾದ ಅನಿಲವನ್ನು ಸುಡುವ, ಆದರೆ ಬೆಂಕಿ ಆರಿಹೋದ ಫ್ಲೇರ್ ಕೊಳವೆ, ಸರಿಯಾಗಿ ಕೂರದ ವಾಲ್ವ್. ಸರಾಸರಿ ಗುಣಾಂಕಕ್ಕೆ ಇವು ಸಿಕ್ಕುವುದಿಲ್ಲ. ಈಗ ಉಪಗ್ರಹಗಳ ಕಣ್ಣಿಗೆ ದೊಡ್ಡ ಸೋರಿಕೆಗಳು ಬೀಳುತ್ತವೆ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಉಪಕರಣ ಅಂಥದ್ದೊಂದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಪ್ರಕಟಿಸಿದ ‘ಮಾರ್ಸ್’ ವ್ಯವಸ್ಥೆ ಇಂಥ ಮಾಹಿತಿಯನ್ನು ಸರ್ಕಾರಗಳಿಗೂ ಕಂಪನಿಗಳಿಗೂ ಮುಟ್ಟಿಸುತ್ತದೆ. ಆ ಸೂಚನೆ ಬಂದಾಗ ಅದನ್ನು ತೆರೆದು ನೋಡುವವರು ಯಾರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನುವುದನ್ನು ಯೋಜನೆಯಲ್ಲೇ ಬರೆಯಿರಿ.

ಮಸಿಗೆ ಹವಾಮಾನ ಲೆಕ್ಕದ ಕಡ್ಡಾಯ ವಿಧಾನ ಇನ್ನೂ ಇಲ್ಲ. ಅಲ್ಪಾಯುಷಿಗಳ ಲೆಕ್ಕದ ಬಗ್ಗೆಯೇ ಐಪಿಸಿಸಿ ಒಂದು ವಿಧಾನ ವರದಿ ಸಿದ್ಧಪಡಿಸುವ ಕೆಲಸ ಹಿಡಿದಿದೆ, ಗುರಿ 2027. ಅಲ್ಲಿಯ ತನಕ ಸುಮ್ನೆ ಕೂರಬೇಕಿಲ್ಲ. ಯುರೋಪಿನ ವಾಯುಮಾಲಿನ್ಯ ಲೆಕ್ಕದ ಕೈಪಿಡಿ ಇದೆ. ಅದು ಮಸಿಯನ್ನು ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಇಂತಿಷ್ಟು ಪಾಲು ಅಂತ ತೆಗೆಯುವ ದಾರಿ ತೋರಿಸುತ್ತದೆ. ಅನೇಕ ದೇಶಗಳು ‘ಲೀಪ್’ ಅನ್ನುವ ತಂತ್ರಾಂಶ ಬಳಸಿವೆ. ಅದರಲ್ಲಿ ಹಸಿರುಮನೆ ಅನಿಲವನ್ನೂ ಮಸಿಯನ್ನೂ ಒಂದೇ ಕಡತದಲ್ಲಿ ಲೆಕ್ಕ ಹಾಕಬಹುದು.

ಮಸಿಯ ಜೊತೆ ಬರುವ ಬೇರೆ ಕಣ ಮತ್ತು ಅನಿಲಗಳನ್ನೂ ಎಣಿಸಿ. ಸೌದೆ ಹೊಗೆಯಲ್ಲಿ ಕಪ್ಪು ಕಣದ ಜೊತೆ ತಿಳಿ ಬಣ್ಣದ ಸಾವಯವ ಕಣಗಳೂ ಇರುತ್ತವೆ. ಅವು ಬಿಸಿಲನ್ನು ಹಿಂದಕ್ಕೆ ಕಳಿಸಿ ತಂಪು ಮಾಡುತ್ತವೆ. ಡೀಸೆಲ್ ಹೊಗೆಯಲ್ಲಿ ಕಪ್ಪಿನ ಪಾಲೇ ಜಾಸ್ತಿ. ಬತ್ತಿಯ ಸೀಮೆಎಣ್ಣೆ ದೀಪದ್ದು ಇನ್ನೂ ಕಪ್ಪು. ಅದರಲ್ಲಿ ಉರಿಯುವ ಎಣ್ಣೆಯ ಶೇ 7ರಿಂದ 9ರಷ್ಟು ತೂಕ ನೇರವಾಗಿ ಮಸಿಯಾಗುತ್ತದೆ ಅಂತ ಅಳೆದು ನೋಡಿದ್ದಾರೆ. ಹವಾಮಾನದ ದೃಷ್ಟಿಯಿಂದ ಯಾವುದಕ್ಕೆ ಮೊದಲು ಕೈ ಹಾಕಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಆರೋಗ್ಯದ ದೃಷ್ಟಿಯಿಂದ ಮಾತ್ರ ಕಪ್ಪು ಕಣವೂ ಕೆಟ್ಟದ್ದೇ, ತಿಳಿ ಕಣವೂ ಕೆಟ್ಟದ್ದೇ.

ಎಚ್‌ಎಫ್‌ಸಿಗೆ ಎರಡು ಲೆಕ್ಕ ಬೇಕು. ವರ್ಷಕ್ಕೆ ಎಷ್ಟು ಆಮದಾಯಿತು ಅನ್ನುವುದು ಒಂದು. ಈಗಾಗಲೇ ಓಡುತ್ತಿರುವ ಯಂತ್ರಗಳ ಹೊಟ್ಟೆಯಲ್ಲಿ ಎಷ್ಟಿದೆ ಅನ್ನುವುದು ಇನ್ನೊಂದು. ಎರಡನೆಯದು ಸರ್ವಿಸ್ ಮಾಡುವಾಗ, ಗುಜರಿಗೆ ಹಾಕುವಾಗ ಗಾಳಿಗೆ ಹೋಗುತ್ತದೆ.

ಹೆಜ್ಜೆ 3: ಯಾವ ಅಳತೆಯಲ್ಲಿ ಬರೆಯಬೇಕು

ಎಲ್ಲರೂ ಎಡವುವ ಜಾಗ ಇದು. ಒಂದು ದೇಶದ ಕಸದ ರಾಶಿಗಳಿಂದ ವರ್ಷಕ್ಕೆ 1 ಲಕ್ಷ ಟನ್ ಮೀಥೇನ್ ಬರುತ್ತದೆ ಅಂದುಕೊಳ್ಳಿ. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದ ವರದಿಗಳಿಗೆ, 2018ರಲ್ಲಿ ಪೋಲೆಂಡಿನ ಕಾಟೊವೀಟ್ಸೆ ಸಮ್ಮೇಳನದಲ್ಲಿ ಒಪ್ಪಿಕೊಂಡ ನಿಯಮದಂತೆ 100 ವರ್ಷದ ಲೆಕ್ಕ, ಅಂದರೆ ನೂರು ವರ್ಷದಲ್ಲಿ ಒಟ್ಟು ಎಷ್ಟು ಬಿಸಿ ಮಾಡುತ್ತದೆ ಅನ್ನುವ ಲೆಕ್ಕ ಬಳಸಬೇಕು. ಐಪಿಸಿಸಿಯ ಐದನೇ ವರದಿಯ ಪ್ರಕಾರ ಮೀಥೇನ್‌ಗೆ ಆ ಗುಣಾಂಕ 28. ಅಂದರೆ 28 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. 20 ವರ್ಷದ ಲೆಕ್ಕ ಹಿಡಿದರೆ ಅದೇ ಕಸ ಸುಮಾರು 80 ಲಕ್ಷ ಟನ್‌ಗೆ ಸಮ. ಕಸ ಅದೇ, ಅನಿಲ ಅದೇ. ಕಾಲದ ಅಳತೆಗೋಲು ಬೇರೆ, ಅಷ್ಟೇ.

ಹಾಗಾದರೆ ಯಾವುದನ್ನು ಬರೆಯಬೇಕು? ಒಟ್ಟು ಗುರಿಯಲ್ಲಿ ನಿಯಮದಂತೆ 100 ವರ್ಷದ್ದನ್ನೇ ಬರೆಯಿರಿ. ಅದರ ಪಕ್ಕದಲ್ಲೇ ಮೀಥೇನ್ ಅನ್ನು ಮೀಥೇನ್ ಆಗಿಯೇ, ಅಂದರೆ 1 ಲಕ್ಷ ಟನ್ ಅಂತ ಬರೆಯಿರಿ. ಆಗ ಯಾರು ಯಾವ ಗುಣಾಂಕ ಹಿಡಿದರೂ ತಮ್ಮ ಲೆಕ್ಕ ತಾವು ಮಾಡಿಕೊಳ್ಳಬಹುದು. 20 ವರ್ಷದ ಅಂಕಿಯನ್ನು ಬೇಕಾದರೆ ವಿವರಣೆಯಲ್ಲಿ ಕೊಡಿ, ಯಾವ ಲೆಕ್ಕ ಅಂತ ಹೆಸರು ಹೇಳಿಯೇ ಕೊಡಿ. ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಬೇಡ.

ಮಸಿಯನ್ನು ಕಾರ್ಬನ್ ಡೈಆಕ್ಸೈಡ್ ಸಮಾನಕ್ಕೆ ತಿರುಗಿಸುವ ಪ್ರಯತ್ನವೇ ಬೇಡ ಅಂತ ನನ್ನ ಸಲಹೆ. ಅದಕ್ಕೆ ಎಲ್ಲರೂ ಒಪ್ಪಿದ ಗುಣಾಂಕ ಇಲ್ಲ. ಪ್ಯಾರಿಸ್ ಒಪ್ಪಂದದ ವರದಿಗೆ ಕೇಳುವ ಏಳು ಅನಿಲ ಮತ್ತು ಅನಿಲ ಗುಂಪುಗಳಲ್ಲಿ ಮೀಥೇನ್ ಇದೆ, ಎಚ್‌ಎಫ್‌ಸಿ ಇದೆ, ಮಸಿ ಇಲ್ಲ. ಆದ್ದರಿಂದ ಮಸಿಗೆ ತನ್ನದೇ ಟನ್, ತನ್ನದೇ ಶೇಕಡಾ.

ಹೆಜ್ಜೆ 4: ಕ್ರಮಗಳನ್ನು ಆರಿಸುವುದು

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ವಿಶ್ವ ಹವಾಮಾನ ಸಂಸ್ಥೆ 2011ರಲ್ಲಿ ಸೇರಿ ಒಂದು ಅಧ್ಯಯನ ಮಾಡಿದ್ದವು. ಮೀಥೇನ್ ಮತ್ತು ಮಸಿಗೆ ಸೇರಿ 16 ಕ್ರಮಗಳನ್ನು ಆರಿಸಿ, ಅವು ಪೂರ್ತಿ ಜಾರಿಯಾದರೆ 2050ರ ಹೊತ್ತಿಗೆ ಸುಮಾರು 0.5 ಡಿಗ್ರಿ ಬಿಸಿ ತಪ್ಪಿಸಬಹುದು ಅಂತ ತೋರಿಸಿದವು. ನೂರು ಕ್ರಮಗಳ ಉದ್ದ ಪಟ್ಟಿಗಿಂತ ಇಂಥ ಗಿಡ್ಡ ಪಟ್ಟಿಯೇ ಒಳ್ಳೆಯದು. ನೈಜೀರಿಯಾ 2019ರಲ್ಲಿ ಅಲ್ಪಾಯುಷಿಗಳಿಗೇ ಅಂತ ಮಾಡಿದ ರಾಷ್ಟ್ರೀಯ ಯೋಜನೆಯಲ್ಲಿ 22 ಕ್ರಮಗಳಿವೆ.

ಒಂದು ಕ್ರಮವನ್ನು ಯೋಜನೆಯಲ್ಲಿ ಬರೆಯುವ ಮೊದಲು ಅದು ನೆಲದ ಮೇಲೆ ಹೇಗಿರುತ್ತದೆ ಅಂತ ನೋಡಿಕೊಳ್ಳಬೇಕು. ಭತ್ತದ ಗದ್ದೆಯನ್ನೇ ತೆಗೆದುಕೊಳ್ಳಿ. ಸದಾ ನೀರು ನಿಂತ ಗದ್ದೆಯ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ. ಇದಕ್ಕೆ ಪರಿಹಾರ ನೀರು ಕಟ್ಟುವುದು, ಆರಲು ಬಿಡುವುದು, ಮತ್ತೆ ಕಟ್ಟುವುದು. ಎಷ್ಟು ಆರಬೇಕು ಅಂತ ತಿಳಿಯಲು ಬೇಕಾಗಿರುವುದು 30 ಸೆಂಟಿಮೀಟರ್ ಉದ್ದದ ಒಂದು ತುಂಡು ಪೈಪು. ಸುತ್ತ ತೂತು ಕೊರೆದು ಅರ್ಧ ಭಾಗ ಮಣ್ಣಿಗೆ ಇಳಿಸಿ, ಒಳಗಿನ ಮಣ್ಣು ತೆಗೆಯುತ್ತಾರೆ. ಈಗ ಪೈಪಿನೊಳಗೆ ಇಣುಕಿದರೆ ಮಣ್ಣಿನಡಿ ನೀರು ಎಲ್ಲಿದೆ ಅಂತ ಕಾಣುತ್ತದೆ. ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಬಿಡಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಆರಬಾರದು. ಹೀಗೆ ಮಾಡಿದರೆ ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ಇಳಿಯಬಹುದು, ನೀರೂ ಉಳಿಯುತ್ತದೆ. ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಸ್ವಲ್ಪ ಏರಬಹುದು, ಹಾಗಾಗಿ ಗೊಬ್ಬರ ಕೊಡುವ ಹೊತ್ತನ್ನೂ ಜೊತೆಗೆ ಹೇಳಿಕೊಡಬೇಕು.

ಈಗ ಯೋಜನೆಗೆ ಬನ್ನಿ. ‘ಇಷ್ಟು ಲಕ್ಷ ಹೆಕ್ಟೇರ್‌ನಲ್ಲಿ ಈ ಪದ್ಧತಿ’ ಅಂತ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿ. ನೀರು ರೈತರ ಕೈಯಲ್ಲಿದೆಯೇ? ಸರದಿಯ ಮೇಲೆ ಕಾಲುವೆ ನೀರು ಬರುವ ಕಡೆ, ಮುಂದಿನ ಸರದಿ ಯಾವಾಗ ಅಂತ ಗೊತ್ತಿಲ್ಲದ ರೈತ ಗದ್ದೆ ಆರಲು ಯಾಕೆ ಬಿಡುತ್ತಾನೆ? ಬಿಡುವುದಿಲ್ಲ, ಅದು ಅವನ ತಪ್ಪೂ ಅಲ್ಲ. ಹಾಗಾಗಿ ಈ ಸಾಲಿನ ಹೊಣೆ ಕೃಷಿ ಇಲಾಖೆಯದ್ದು ಮಾತ್ರವಲ್ಲ, ನೀರಾವರಿ ಇಲಾಖೆಯದ್ದೂ ಹೌದು. ಒಂದು ತುಂಡು ಪೈಪಿನ ಹಿಂದೆ ಎರಡು ಇಲಾಖೆಗಳಿವೆ.

ಡೀಸೆಲ್ ಮಸಿಯಲ್ಲಿ ಕ್ರಮಗಳ ಸರದಿಯೇ ಮುಖ್ಯ. ಹೊಗೆ ಕೊಳವೆಗೆ ಹಾಕುವ ಕಣ ಸೋಸುವ ಫಿಲ್ಟರ್ ಮಸಿಯನ್ನು ಬಹುಪಾಲು ಹಿಡಿಯುತ್ತದೆ. ಆದರೆ ಗಂಧಕ ಜಾಸ್ತಿ ಇರುವ ಡೀಸೆಲ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ, ಬೇಗ ಹಾಳಾಗುತ್ತದೆ. ಮೊದಲು ಇಂಧನ ಶುದ್ಧವಾಗಬೇಕು, ಆಮೇಲೆ ವಾಹನದ ಮಾನದಂಡ, ಅದರ ಜೊತೆಗೆ ಹಳೆಯ ಲಾರಿ ಬಸ್ಸುಗಳನ್ನು ತೆಗೆಯುವ ಏರ್ಪಾಡು. ಯೋಜನೆಯಲ್ಲಿ ಫಿಲ್ಟರ್ ಬರೆದು ಇಂಧನ ಬರೆಯದಿದ್ದರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ.

ಅಡುಗೆ ಒಲೆಯ ವಿಷಯದಲ್ಲಿ ಎಷ್ಟು ಒಲೆ ಹಂಚಿದೆವು ಅನ್ನುವುದು ಗುರಿಯಾಗಬಾರದು. ಹಳೆಯ ಒಲೆ ಎಷ್ಟು ಮನೆಗಳಲ್ಲಿ ಆರಿತು ಅನ್ನುವುದು ಗುರಿಯಾಗಬೇಕು. ಎರಡನೇ ಸಿಲಿಂಡರ್ ಕೊಳ್ಳಲು ದುಡ್ಡಿಲ್ಲದಿದ್ದರೆ ಸೌದೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೊಟ್ಟ ಒಲೆಗಳ ಸಂಖ್ಯೆ ಎಷ್ಟೇ ದೊಡ್ಡದಾದರೂ ಆ ಮನೆಯ ಹೆಂಗಸರ ಎದೆಯೊಳಗೆ ಹೋಗುವ ಹೊಗೆ ಅಷ್ಟೇ ಇರುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಸಾವುಗಳಾದವು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಸಾಲನ್ನು ಬರೆಯುವಾಗ ಆ ಅಂಕಿ ಕಣ್ಣ ಮುಂದಿರಲಿ.

ಓಝೋನ್‌ಗೆ ಬೇರೆ ಕ್ರಮ ಬೇಕಿಲ್ಲ, ಅದನ್ನು ಹುಟ್ಟಿಸುವ ಅನಿಲಗಳನ್ನು ಇಳಿಸಬೇಕು. ಆದರೆ ಕೆಲವು ನಗರಗಳಲ್ಲಿ ನೈಟ್ರೋಜನ್ ಆಕ್ಸೈಡ್ ಒಂದನ್ನೇ ಇಳಿಸಿದರೆ ಮೊದಮೊದಲು ಓಝೋನ್ ಏರುವುದೂ ಉಂಟು. ಆದ್ದರಿಂದ ಪೇಂಟ್, ದ್ರಾವಕ, ಪೆಟ್ರೋಲ್ ಆವಿಯನ್ನೂ ಜೊತೆಗೇ ಹಿಡಿಯಬೇಕು.

ಎಚ್‌ಎಫ್‌ಸಿಗೆ ದಾರಿ ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯಲ್ಲೇ ಇದೆ. 2016ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡದ್ದು, 2019ರ ಜನವರಿ 1ರಿಂದ ಜಾರಿ. ಬಳಕೆ ಇಳಿಸುವ ವೇಳಾಪಟ್ಟಿ ದೇಶಗಳ ಗುಂಪಿಗೆ ತಕ್ಕಂತೆ ಅದರಲ್ಲಿ ಗೊತ್ತುಮಾಡಿದೆ. ನಿಮ್ಮ ಹವಾಮಾನ ಯೋಜನೆ ಅದಕ್ಕಿಂತ ಬೇಗ ಹೋಗುತ್ತದೆಯೇ, ಇಲ್ಲ ಅದನ್ನೇ ಮತ್ತೆ ಹೇಳುತ್ತಿದೆಯೇ? ಸ್ಪಷ್ಟವಾಗಿ ಬರೆಯಿರಿ. ಎಸಿಗಳಲ್ಲಿ ಬಳಸುವ ಆರ್-410ಎ ಅನಿಲಕ್ಕೆ ಹೋಲಿಸಿದರೆ ಆರ್-32ರ ಬಿಸಿ ಮಾಡುವ ಶಕ್ತಿ ಸುಮಾರು ಮೂರನೇ ಒಂದು. ಇವುಗಳ ಬದಲಿಗೆ ತುಂಬಬಹುದಾದ ಪ್ರೊಪೇನ್‌ನದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಪ್ರೊಪೇನ್ ಹೊತ್ತಿಕೊಳ್ಳುವ ಅನಿಲ. ಅದನ್ನು ತುಂಬುವ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡುವುದು ಯೋಜನೆಯ ಭಾಗವೇ ಆಗಬೇಕು. ಅದರ ಜೊತೆ ಎಸಿಯ ವಿದ್ಯುತ್ ದಕ್ಷತೆಯ ಮಾನದಂಡವನ್ನೂ ಬಿಗಿ ಮಾಡಿದರೆ ಕರೆಂಟ್ ಉಳಿದು ಲಾಭ ಇನ್ನೂ ಜಾಸ್ತಿ.

ಹೆಜ್ಜೆ 5: ಗುರಿಯ ವಾಕ್ಯ ಬರೆಯುವುದು

ಕರಡುಗಳನ್ನು ಓದುವಾಗ ನಾನು ಮೊದಲು ಕ್ರಿಯಾಪದ ನೋಡುತ್ತೇನೆ. ‘ಕಸದ ವಲಯದಲ್ಲಿ ಮೀಥೇನ್ ಕಡಿತಕ್ಕೆ ಒತ್ತು ನೀಡಲಾಗುವುದು.’ ಇದರಲ್ಲಿ ಯಾರು, ಎಷ್ಟು, ಯಾವಾಗ, ಒಂದೂ ಇಲ್ಲ. ಇದನ್ನೇ ಹೀಗೆ ಬರೆಯಬಹುದು: ‘ಕಸದ ರಾಶಿಗಳ ಮೀಥೇನ್ 2020ರಲ್ಲಿ 1 ಲಕ್ಷ ಟನ್ ಇತ್ತು. 2035ಕ್ಕೆ ಅದನ್ನು 65 ಸಾವಿರ ಟನ್‌ಗೆ ಇಳಿಸುತ್ತೇವೆ. ಇದರಲ್ಲಿ 20 ಸಾವಿರ ಟನ್ ಇಳಿಕೆ ನಮ್ಮದೇ ಹಣದಲ್ಲಿ, ಉಳಿದ 15 ಸಾವಿರ ಹೊರಗಿನ ನೆರವು ಸಿಕ್ಕರೆ. ಹೊಣೆ ನಗರಾಡಳಿತ ಸಚಿವಾಲಯದ್ದು.’ ಅಂಕಿಗಳು ಉದಾಹರಣೆಗೆ ಮಾತ್ರ. ವಾಕ್ಯದ ಮೈಕಟ್ಟು ನೋಡಿ. ಐದು ವರ್ಷದ ನಂತರ ಯಾರು ಬೇಕಾದರೂ ಇದನ್ನು ಹಿಡಿದು ಕೇಳಬಹುದು, ಅಲ್ವಾ?

ಇದು ಆಗದ ಮಾತಲ್ಲ. ಮೆಕ್ಸಿಕೊ 2015ರಲ್ಲೇ ತನ್ನ ಯೋಜನೆಯಲ್ಲಿ ಮಸಿಗೆ ಬೇರೆ ಗುರಿ ಬರೆಯಿತು. 2030ಕ್ಕೆ ಶೇ 51 ಕಡಿತ, ನೆರವು ಸಿಕ್ಕರೆ ಶೇ 70. ಚಿಲಿ 2020ರಲ್ಲಿ, 2016ರ ಮಟ್ಟಕ್ಕಿಂತ ಕನಿಷ್ಠ ಶೇ 25 ಮಸಿ ಕಡಿತ 2030ಕ್ಕೆ ಅಂತ ಬರೆಯಿತು. ಕೊಲಂಬಿಯಾ ಅದೇ ವರ್ಷ, 2014ಕ್ಕೆ ಹೋಲಿಸಿ ಶೇ 40 ಅಂದಿತು. ಈ ಮೂರರಲ್ಲಿ ಒಂದು ವ್ಯತ್ಯಾಸ ಗಮನಿಸಿ. ಚಿಲಿ ಮತ್ತು ಕೊಲಂಬಿಯಾ ಹಿಂದಿನ ಒಂದು ವರ್ಷಕ್ಕೆ ಹೋಲಿಸಿವೆ. ಮೆಕ್ಸಿಕೊ ಏನೂ ಮಾಡದಿದ್ದರೆ 2030ಕ್ಕೆ ಎಷ್ಟಾಗುತ್ತಿತ್ತು ಅನ್ನುವ ಅಂದಾಜಿಗೆ ಹೋಲಿಸಿದೆ. ಸಾಧ್ಯವಾದರೆ ಮೊದಲ ದಾರಿಯನ್ನೇ ಹಿಡಿಯಿರಿ. ಆಗಿಹೋದ ವರ್ಷದ ಅಂಕಿಯನ್ನು ಪರೀಕ್ಷಿಸಬಹುದು. ‘ಆಗುತ್ತಿತ್ತು’ ಅನ್ನುವುದನ್ನು ಪರೀಕ್ಷಿಸುವುದು ಕಷ್ಟ.

ಮೀಥೇನ್‌ಗೆ ಒಂದು ಆಸರೆ ಆಗಲೇ ಇದೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಶುರುವಾದ ಜಾಗತಿಕ ಮೀಥೇನ್ ಪ್ರತಿಜ್ಞೆಗೆ 150ಕ್ಕೂ ಹೆಚ್ಚು ದೇಶಗಳು ಸೇರಿವೆ. ಎಲ್ಲರೂ ಸೇರಿ 2030ಕ್ಕೆ 2020ರ ಮಟ್ಟಕ್ಕಿಂತ ಶೇ 30 ಇಳಿಸುವ ಮಾತು ಅದು. ನಿಮ್ಮ ದೇಶ ಸಹಿ ಹಾಕಿದ್ದರೆ, ಆ ಮಾತು ದೇಶದ ಯೋಜನೆಯಲ್ಲಿ ಎಲ್ಲಿದೆ ಅಂತ ಕೇಳುವ ಹಕ್ಕು ನಿಮಗಿದೆ. 2023ರ ದುಬೈ ಸಮ್ಮೇಳನದ ತೀರ್ಮಾನವೂ 2030ರೊಳಗೆ ಮೀಥೇನ್ ಅನ್ನು ಗಣನೀಯವಾಗಿ ಇಳಿಸಲು ಕರೆ ಕೊಟ್ಟಿದೆ.

ಹೆಜ್ಜೆ 6: ಲಾಭವನ್ನೂ ಎಣಿಸಿ

ಹಣಕಾಸು ಸಚಿವರ ಮುಂದೆ ಕಡತ ಹೋಗುವ ಮೊದಲು ಈ ಹೆಜ್ಜೆ ಮುಗಿದಿರಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2021ರ ಜಾಗತಿಕ ಮೀಥೇನ್ ಅವಲೋಕನ ವರದಿಯ ಪ್ರಕಾರ, ಈ ದಶಕದಲ್ಲಿ ಮನುಷ್ಯರಿಂದ ಬರುವ ಮೀಥೇನ್ ಅನ್ನು ಶೇ 45ರ ತನಕ ಇಳಿಸಬಹುದು. ಹಾಗಾದರೆ 2040ರ ದಶಕದ ಹೊತ್ತಿಗೆ ಸುಮಾರು 0.3 ಡಿಗ್ರಿ ಬಿಸಿ ತಪ್ಪುತ್ತದೆ. ವರ್ಷಕ್ಕೆ 2,55,000 ಅಕಾಲ ಸಾವುಗಳು ತಪ್ಪುತ್ತವೆ, 2.6 ಕೋಟಿ ಟನ್ ಬೆಳೆ ಉಳಿಯುತ್ತದೆ. ಬೆಳೆ ಉಳಿಯುವುದು ಹೇಗೆ? ಮೀಥೇನ್ ಕಡಿಮೆಯಾದರೆ ಓಝೋನ್ ಕಡಿಮೆ, ಓಝೋನ್ ಕಡಿಮೆಯಾದರೆ ಎಲೆಗೆ ಪೆಟ್ಟು ಕಡಿಮೆ. ಕೃಷಿ ಇಲಾಖೆಗೆ ಈ ಮಾತು ಹೇಳಿ. ನಮ್ಮಿಂದ ಕಸಿಯಲು ಬಂದಿದ್ದಾರೆ ಅಂದುಕೊಂಡವರು ಆಗ ಪಕ್ಕಕ್ಕೆ ಬಂದು ಕೂರುತ್ತಾರೆ.

ಮಸಿ ಇಳಿಸಿದ ಲಾಭ ಸಿಗುವುದು ಇಳಿಸಿದ ಊರಿಗೇ, ಅದೂ ಕೆಲವೇ ದಿನಗಳಲ್ಲಿ. ಬಸ್ಸುಗಳ ಹೊಗೆ ಕಡಿಮೆಯಾದ ರಸ್ತೆಯಲ್ಲಿ ನಡೆಯುವವರಿಗೆ ಅದು ಗೊತ್ತಾಗುತ್ತದೆ. ಇಷ್ಟು ಬೇಗ, ಇಷ್ಟು ಹತ್ತಿರದಲ್ಲಿ ಫಲ ಕೊಡುವ ಹವಾಮಾನ ಕೆಲಸ ಬೇರೆ ಕಡಿಮೆ.

ಹೆಜ್ಜೆ 7: ದುಡ್ಡು ಮತ್ತು ಕಾನೂನು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಪ್ರತಿ ಸಾಲಿನ ಎದುರು ಖರ್ಚು ಮತ್ತು ಹಣದ ಮೂಲ ಬರೆಯಿರಿ. ಅಭಿವೃದ್ಧಿಶೀಲ ದೇಶಗಳಿಗೆ ಎಚ್‌ಎಫ್‌ಸಿ ಕೆಲಸಕ್ಕೆ ಮಾಂಟ್ರಿಯಲ್ ಒಪ್ಪಂದದ ಬಹುಪಕ್ಷೀಯ ನಿಧಿ ಇದೆ. ತೈಲ ಮತ್ತು ಅನಿಲದ ಸೋರಿಕೆ ತಡೆಯುವುದರಲ್ಲಿ ಎಷ್ಟೋ ಕೆಲಸ, ಉಳಿದ ಅನಿಲ ಮಾರಿದ ದುಡ್ಡಿನಲ್ಲೇ ತೀರುತ್ತದೆ. ಅಲ್ಲಿ ಸಹಾಯಧನಕ್ಕಿಂತ ಕಾನೂನು ಬೇಕು: ವರ್ಷಕ್ಕೆ ಇಷ್ಟು ಸಲ ಸೋರಿಕೆ ತಪಾಸಣೆ, ಇಷ್ಟು ದಿನದಲ್ಲಿ ರಿಪೇರಿ, ಸುಮ್ಮನೆ ಗಾಳಿಗೆ ಬಿಡುವುದಕ್ಕೆ ನಿಷೇಧ.

ಹೆಜ್ಜೆ 8: ಬೆನ್ನು ಹತ್ತುವುದು

ಪ್ಯಾರಿಸ್ ಒಪ್ಪಂದದ ಪ್ರಕಾರ ಯೋಜನೆ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಪ್ರಗತಿ ವರದಿ ಎರಡು ವರ್ಷಕ್ಕೊಮ್ಮೆ ಹೋಗುತ್ತದೆ. ಆ ವರದಿಯಲ್ಲಿ ಮೀಥೇನ್‌ಗೆ, ಮಸಿಗೆ ಒಂದೊಂದು ಸೂಚಕ ಇರಲಿ. ಕಸದ ರಾಶಿಗೆ ಹೋಗುವ ಹಸಿ ಕಸ ಎಷ್ಟು ಟನ್, ಆರಲು ಬಿಡುವ ಗದ್ದೆ ಎಷ್ಟು ಹೆಕ್ಟೇರ್, ಸೌದೆ ಪೂರ್ತಿ ಬಿಟ್ಟ ಮನೆ ಎಷ್ಟು. ಇಂಥವನ್ನು ವರ್ಷ ವರ್ಷ ಎಣಿಸಬಹುದು. ಬಯೋಗ್ಯಾಸ್ ಘಟಕಗಳಲ್ಲಿ ಮಾತ್ರ ಕಟ್ಟಿದ್ದು ಎಷ್ಟು ಅಂತ ಎಣಿಸಿ ನಿಲ್ಲಿಸಬೇಡಿ. ಸೋರುವ ಘಟಕದಿಂದ ಮೀಥೇನ್ ನೇರ ಗಾಳಿಗೇ ಹೋಗುತ್ತದೆ. ಓಡುತ್ತಿರುವುದು ಎಷ್ಟು, ಸೋರದಿರುವುದು ಎಷ್ಟು ಅಂತ ಕೇಳಿ.

ಇನ್ನೊಂದು ವಿಷಯಕ್ಕೆ ಮೊದಲೇ ಸಿದ್ಧರಾಗಿ. ಅಳತೆ ಚೆನ್ನಾದಷ್ಟೂ ಮೊದಮೊದಲು ಮಾಲಿನ್ಯ ಏರಿದಂತೆ ಕಾಣಬಹುದು. ಹಿಂದೆ ಕಾಣದಿದ್ದ ಸೋರಿಕೆ ಈಗ ಕಂಡಿರುತ್ತದೆ, ಅಷ್ಟೇ. ಹೊಸ ವಿಧಾನ ಬಂದಾಗ ಮೂಲ ವರ್ಷದ ಅಂಕಿಯನ್ನೂ ಅದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕುತ್ತೇವೆ ಅನ್ನುವ ಒಂದು ವಾಕ್ಯ ಯೋಜನೆಯಲ್ಲೇ ಇರಲಿ. ಇಲ್ಲದಿದ್ದರೆ ಪ್ರಾಮಾಣಿಕವಾಗಿ ಅಳೆದ ಅಧಿಕಾರಿಯೇ ಬೈಸಿಕೊಳ್ಳುತ್ತಾರೆ, ಮುಂದಿನ ಸಲ ಯಾರೂ ಅಳೆಯಲು ಮುಂದೆ ಬರುವುದಿಲ್ಲ.

ಸಮಯ ಎರಡೇ ತಿಂಗಳು ಇದ್ದರೆ

ಬಹಳ ತಂಡಗಳ ಸ್ಥಿತಿ ಇದೇ. ಆಗ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಮೊದಲ ಎರಡು ವಾರದಲ್ಲಿ, ನಿಮ್ಮ ದೇಶ ವಿಶ್ವಸಂಸ್ಥೆಗೆ ಈಗಾಗಲೇ ಕಳಿಸಿದ ಹಸಿರುಮನೆ ಅನಿಲ ಲೆಕ್ಕದಿಂದ ಮೀಥೇನ್ ಕಾಲಂ ಅನ್ನು ಬೇರೆ ತೆಗೆದು, ಮೂರು ದೊಡ್ಡ ಮೂಲಗಳನ್ನು ಗುರುತಿಸಿ. ಮುಂದಿನ ಮೂರು ವಾರ ಆ ಮೂರು ಇಲಾಖೆಗಳ ಜೊತೆ ಕೂತು ತಲಾ ಒಂದು ಗುರಿಯ ವಾಕ್ಯ ಬರೆಯಿರಿ. ಎಚ್‌ಎಫ್‌ಸಿ ಅಂಕಿ ಓಝೋನ್ ಘಟಕದಲ್ಲಿ ಸಿದ್ಧವೇ ಇರುತ್ತದೆ, ಒಂದು ಪತ್ರ ಬರೆದರೆ ಬರುತ್ತದೆ. ಮಸಿಗೆ ಈ ಸಲ ಟನ್ ಲೆಕ್ಕ ಆಗದಿದ್ದರೆ, ‘ಇಂಥ ವರ್ಷದೊಳಗೆ ಮಸಿಯ ಮೊದಲ ರಾಷ್ಟ್ರೀಯ ಲೆಕ್ಕ ಮುಗಿಸಿ, ಮುಂದಿನ ಯೋಜನೆಯಲ್ಲಿ ಗುರಿ ಕೊಡುತ್ತೇವೆ’ ಅಂತ ಬರೆದು, ಆ ಕೆಲಸ ಮಾಡುವ ಕಚೇರಿಯ ಹೆಸರನ್ನು ಅದೇ ಸಾಲಿನಲ್ಲಿ ಹಾಕಿ. ಉಳಿದ ದಿನಗಳನ್ನು ಸಂಪುಟದ ಟಿಪ್ಪಣಿಗೆ ಮೀಸಲಿಡಿ. ಆ ಟಿಪ್ಪಣಿಯ ಮೊದಲ ಪುಟದಲ್ಲಿ ಉಳಿಯುವ ಜೀವಗಳ ಅಂಕಿ ಇರಲಿ, ಡಿಗ್ರಿಯ ಅಂಕಿ ಎರಡನೇ ಪುಟಕ್ಕೆ ಹೋಗಲಿ.